ಗೋಡೆಯ ಮೇಲೆ ಉಳಿದ ತಟ್ಟೆ

ನಂಜನಗೂಡು

ಈ ಪ್ರವಾಸದ ಬಗ್ಗೆ ನಾನು ಹೇಳುವುದರಲ್ಲಿ ಅರ್ಧವನ್ನು ಅಕ್ಕ ಒಪ್ಪುವುದಿಲ್ಲ. ಇಬ್ಬರೂ ಒಂದೇ ವಿಮಾನದಲ್ಲಿ ಹೋಗಿ ಒಂದೇ ಮನೆಯಲ್ಲಿದ್ದು ಒಟ್ಟಿಗೇ ವಾಪಸು ಬಂದೆವು. ಆದರೂ ಅವಳು ನೋಡಿದ ಇಂಗ್ಲೆಂಡೇ ಬೇರೆ, ನಾನು ನೋಡಿದ್ದೇ ಬೇರೆ. ನನಗೆ ಈಚೆಗೆ ನನ್ನ ನೆನಪಿನ ಮೇಲೆ ನಂಬಿಕೆ ಕಡಿಮೆಯಾಗಿದೆ. ಎಲ್ಲಿ ನಮ್ಮಿಬ್ಬರ ಮಾತು ಕೂಡುವುದಿಲ್ಲವೋ ಅಲ್ಲಿ ಹಾಗೆಂದೇ ಹೇಳಿಬಿಡುತ್ತೇನೆ.

ಅಕ್ಕ ರತ್ನಮ್ಮನ ಮಗಳು ವಿದ್ಯಾ ಇಂಗ್ಲೆಂಡಿನ ಉತ್ತರ ಭಾಗದ ಒಂದು ಆಸ್ಪತ್ರೆಯಲ್ಲಿ ನರ್ಸು. ಅಳಿಯ ಪ್ರದೀಪನೂ ಅಲ್ಲೇ ನರ್ಸು. ವಿದ್ಯಾಳಿಗೆ ಮೊದಲ ಹೆರಿಗೆ. ಬಾಣಂತನಕ್ಕೆ ಅಕ್ಕ ಹೋಗಲೇಬೇಕು. ಶ್ರೀಶೈಲದಿಂದಾಚೆಗೆ ಹೋಗಿ ಗೊತ್ತಿಲ್ಲದವಳು. ನಾನು ನರಸೀಪುರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಂಡಿದ್ದು ನಿವೃತ್ತನಾದವನು, ಹೆಂಡತಿಯಿಲ್ಲದವನು, ಮನೆಯಲ್ಲಿ ಕೂರಲಾರದವನು. ಜೊತೆಗೆ ಹೋಗಲು ನನ್ನನ್ನೇ ಹಿಡಿದರು.

ಆಗ ನಂಜನಗೂಡಿನಲ್ಲಿ ಭಾವ ಕೆಲಸ ಮಾಡುವ ಕಾರ್ಖಾನೆಯ ಗೇಟು ಮುಚ್ಚಿತ್ತು. ಕಾಯಂ ಕೆಲಸಗಾರರು ಒಂದು ಕಾಗದಕ್ಕೆ ಸಹಿ ಹಾಕಿ, ಗುತ್ತಿಗೆಯವರ ಹಾಗೆ ಕಡಿಮೆ ಸಂಬಳಕ್ಕೆ ಒಪ್ಪಿದರೆ ಒಳಗೆ, ಒಪ್ಪದಿದ್ದರೆ ಹೊರಗೆ. ಎಲ್ಲರೂ ಗೇಟಿನ ಮುಂದೆ ಶಾಮಿಯಾನ ಹಾಕಿಕೊಂಡು ಕೂತಿದ್ದರು. ಭಾವ ಶಿವಣ್ಣನೂ ಅವರ ತಮ್ಮ ನಾಗೇಶನೂ ಅಲ್ಲಿಯೇ. ಅಣ್ಣತಮ್ಮಂದಿರ ಮನೆಗಳು ಅಕ್ಕಪಕ್ಕ, ನಡುವೆ ಎದೆಯೆತ್ತರದ ಒಂದು ಕಾಂಪೌಂಡ್ ಗೋಡೆ. ನಾಗೇಶನ ಹೆಂಡತಿ ಮಂಗಳ ಮಧ್ಯಾಹ್ನ ಒಂದೇ ಕ್ಯಾರಿಯರಿನಲ್ಲಿ ಇಬ್ಬರಿಗೂ ಊಟ ತರುತ್ತಿದ್ದಳು.

ಹೊರಡುವ ದಿನ ಅಕ್ಕ ಆ ಗೋಡೆಯ ಮೇಲಿಂದ ಒಂದು ಸ್ಟೀಲ್ ಡಬ್ಬವನ್ನು ಮಂಗಳನಿಗೆ ದಾಟಿಸಿದಳು. ತುಂಬ ಪುಳಿಯೋಗರೆ ಗೊಜ್ಜು.

"ನಿಮ್ ಭಾವಂಗೆ ಬಾಯಿ ಕೆಟ್ರೆ ಕಲಸಿಕೊಡವ್ವ."

"ಡಬ್ಬ ನೀವ್ ಬರೋವರ್ಗೂ ಕೊಡಲ್ಲ ಕಣಕ್ಕ," ಅಂದಳು ಮಂಗಳ. "ಮೊಮ್ಮಗು ಕಂಡೋರು ಅಲ್ಲೇ ಉಳ್ಕಬುಟ್ರೆ? ಡಬ್ಬದ ಆಸೆಗಾದ್ರೂ ಬರಬೇಕಲ್ಲ."

ಕಾರು ಹತ್ತುವಾಗ ಭಾವ ಶಾಮಿಯಾನದಿಂದ ಎದ್ದು ಬಂದರು. ಅಕ್ಕ ಅವರ ಕಿವಿಯ ಹತ್ತಿರ ಹೇಳಿದ್ದು ನನಗೂ ಕೇಳಿಸಿತು.

"ನಾ ಬರೋದ್ರೊಳಗೆ ಸೈನ್ ಆಕ್ಬುಟ್ಟು ಒಳಕ್ಕೋಗಿ ಸೇರ್ಕೊಳ್ರೀ. ರಿಟೈರಾಗೋ ವಯಸ್ಸಲ್ಲಿ ಬೀದೀಲಿ ಕೂರ್ತಾರಾ?"

"ನಾಗೇಶ?"

"ಅವನಿಗಿನ್ನೂ ರಟ್ಟೇಲಿ ಶಕ್ತಿ ಅದೆ, ಕೂತ್ಕಳ್ಳಿ. ನಿಮ್ ಮಂಡಿ ನೋವು ನೋಡ್ಕಳಿ ಮೊದ್ಲು."

ಭಾವ ನನ್ನ ಕಡೆ ತಿರುಗಿ ನಕ್ಕರು. "ನೀವೇನಂತೀರಿ ಮೇಷ್ಟ್ರೇ? ಓದ್ಕಂಡಿರೋರು."

ತರಗತಿಯಲ್ಲಿ ಹೇಳುತ್ತಿದ್ದದ್ದನ್ನೇ ಹೇಳಿದೆ. ಸ್ವಲ್ಪ ಕಾಲ ಕಷ್ಟವಾಗುತ್ತೆ, ಆಮೇಲೆ ತಾನಾಗಿ ಹೊಂದಿಕೊಳ್ಳುತ್ತೆ, ಎಲ್ಲ ದೇಶದಲ್ಲೂ ಹೀಗೇ ಆಗಿರೋದು ಭಾವ. ಆಗ ಅದು ನನಗೆ ಗೊತ್ತಿರುವ ವಿಷಯ ಎಂದೇ ಅಂದುಕೊಂಡಿದ್ದೆ.

ರೈಲು ಬಿಟ್ಟುಹೋದ ಊರು

ಆ ಊರಿಗೆ ಹಿಂದೆ ರೈಲು ಬರುತ್ತಿತ್ತಂತೆ. ಈಗ ಇಲ್ಲ. ಪ್ರದೀಪ ಪಕ್ಕದ ದೊಡ್ಡ ಊರಿನಿಂದ ಕಾರಿನಲ್ಲಿ ಕರೆದುಕೊಂಡು ಹೋದ. ಚಳಿಗಾಲ. ಮಧ್ಯಾಹ್ನದ ಕಾಫಿ ಹೊತ್ತಿಗೇ ಕತ್ತಲು ಇಳಿಯುತ್ತಿತ್ತು. ಊರ ದೊಡ್ಡ ಬೀದಿಯಲ್ಲಿ ಅಂಗಡಿಗಳ ಬಾಗಿಲು ಎರಡೂ ಕಡೆ ಎಳೆದಿತ್ತು. ಬೆಳಕಿದ್ದದ್ದು ಒಂದು ಜೂಜಿನ ಅಂಗಡಿಯಲ್ಲಿ, ಇನ್ನೊಂದು ಕೋಳಿ ಕರಿಯುವ ಅಂಗಡಿಯಲ್ಲಿ.

"ಇವತ್ತೇನಪ್ಪ ಬಂದಾ?" ಅಂತ ಅಕ್ಕ ಕೇಳಿದಳು.

"ಇಲ್ಲ ಅತ್ತೆ. ಇಲ್ಲಿ ದಿನಾ ಇಂಗೇಯ."

ಹುಲ್ಲಹಳ್ಳಿಯ ಹುಡುಗ ಅವನು. ಸಂತೆ ದಿನದ ಗದ್ದಲದಲ್ಲಿ ಬೆಳೆದವನು. ಅದನ್ನು ಇಷ್ಟು ಸಲೀಸಾಗಿ ಹೇಳಿದ.

ಮಾರನೆಯ ಬೆಳಿಗ್ಗೆ ಅಕ್ಕ ಅಡಿಗೆಮನೆಯ ಕಿಟಕಿಯಲ್ಲಿ ನಿಂತು ಕೈಮುಗಿಯುತ್ತಿದ್ದಳು. ಹೊರಗೆ ಊರಿನ ಬೆನ್ನಿಗೆ ಒರಗಿದ ಹಾಗೆ ಒಂದು ದುಂಡನೆಯ ಹಸಿರು ಬೆಟ್ಟ.

"ಯಾವ ದೇವ್ರವ್ವ ಅಲ್ಲಿರೋದು? ಮುಡುಕುತೊರೆ ಬೆಟ್ಟ ಇದ್ದಂಗದೆ."

"ಅಮ್ಮಾ, ಅದು ಕಲ್ಲಿದ್ದಲು ಗಣಿಯಿಂದ ತೆಗೆದ ಕಸದ ಗುಡ್ಡೆ," ಅಂದಳು ವಿದ್ಯಾ, ನಗು ತಡೆದುಕೊಂಡು. "ಗಣಿ ಮುಚ್ಚಿದ ಮೇಲೆ ಹುಲ್ಲು ಬೆಳೆಸವ್ರೆ."

ಅಕ್ಕ ಕೈ ಕೆಳಗಿಳಿಸಿದಳು. ಮಾರನೆಯ ದಿನ ನೋಡಿದರೆ ಮತ್ತೆ ಮುಗಿಯುತ್ತಿದ್ದಾಳೆ.

"ದೇವ್ರಿಲ್ದಿದ್ರೆ ಬ್ಯಾಡ," ಅಂದಳು ನನ್ನನ್ನು ನೋಡಿ. "ಅಷ್ಟು ಮಣ್ಣು ತೆಗೆದವ್ರೆ ಅಂದ್ರೆ ಅದರೊಳಗೆ ಸತ್ತೋರು ಇರ್ತಾರಲ್ಲ."

ಅಕ್ಕ ಮಗಳ ಹತ್ತಿರವೇ ಇರುತ್ತಿದ್ದಳು, ನಾನು ಊರು ಸುತ್ತುತ್ತಿದ್ದೆ. ನಡು ಹಗಲಿನಲ್ಲಿ ಮೂಲೆಗಳಲ್ಲಿ ಹುಡುಗರು ಟೋಪಿ ಎಳೆದುಕೊಂಡು ನಿಂತಿರುತ್ತಿದ್ದರು. ಏನೂ ಮಾಡುತ್ತಿರಲಿಲ್ಲ. ನಮ್ಮ ಬಸ್ ಸ್ಟ್ಯಾಂಡಿನಲ್ಲೂ ಹುಡುಗರು ನಿಲ್ಲುತ್ತಾರೆ, ಆದರೆ ಅವರು ಯಾವುದಾದರೂ ಬಸ್ಸನ್ನೋ ಹುಡುಗಿಯನ್ನೋ ಕಾಯುತ್ತಿರುತ್ತಾರೆ. ಇವರು ಕಾಯುತ್ತಿರಲಿಲ್ಲ. ಒಬ್ಬನು ಒಂದು ದಿನ ನನ್ನ ಹಿಂದೆಯೇ ನಡೆದು ಬಂದ. ನಾನು ಹೆಜ್ಜೆ ಜೋರು ಮಾಡಿದೆ. ಕೆಳಗೆ ಬಿದ್ದಿದ್ದ ನನ್ನ ಕೈಗವಸನ್ನು ಕೊಟ್ಟು ಹೋದ. ಅವನು ಹೋದ ಮೇಲೂ ಹೆದರಿಕೆ ಹೋಗಲಿಲ್ಲ. ಅದು ಅವನಿಂದ ಹುಟ್ಟಿದ ಹೆದರಿಕೆಯಲ್ಲ ಎಂದು ಆಗ ತಿಳಿಯಿತು. ಇವನ ಅಪ್ಪನೂ ಹೀಗೇ ನಿಂತಿದ್ದವನಿರಬೇಕು. ಗಣಿಯಲ್ಲಿ ಕೆಲಸ ಮಾಡಿದ್ದು ಇವನ ತಾತ. ನಾನು ಕರಿಹಲಗೆಯ ಮೇಲೆ ಬರೆಯುತ್ತಿದ್ದ 'ಹೊಂದಾಣಿಕೆಯ ಅವಧಿ' ಈ ಊರಿನಲ್ಲಿ ಮೂರನೆಯ ತಲೆಮಾರಿಗೆ ಬಂದು ನಿಂತಿತ್ತು.

ಚರ್ಚಿನ ದಾಸೋಹ

ವಿದ್ಯಾಳಿಗೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ದಿನ ಅಕ್ಕನನ್ನು ಗಾಳಿಗೆಂದು ಹೊರಗೆ ಕರೆದುಕೊಂಡು ಹೋದೆ. ಚರ್ಚಿನ ಬಾಗಿಲಲ್ಲಿ ಸಾಲು ನಿಂತಿತ್ತು. ಒಳಗೆ ಬೇಳೆ, ಹಿಟ್ಟು, ಡಬ್ಬಿ ಊಟ ಹಂಚುತ್ತಿದ್ದರು.

"ದಾಸೋಹ!" ಅಂದಳು ಅಕ್ಕ, ಊರಿನವರು ಸಿಕ್ಕ ಹಾಗೆ. "ಬಾರೋ, ಒಂದು ತುತ್ತು ಪ್ರಸಾದ ತಕ್ಕಂಡೋಗವಾ. ಬ್ಯಾಡ ಅನ್ನಬಾರ್ದು."

ನಾನು ಬೇಡವೆನ್ನುವಷ್ಟರಲ್ಲಿ ಹೋಗಿ ಸಾಲಿನಲ್ಲಿ ನಿಂತೇಬಿಟ್ಟಿದ್ದಳು. ನಮ್ಮ ಮಠಗಳಲ್ಲಿ ಪಂಕ್ತಿಯಲ್ಲಿ ಕೂತವರು ಪಕ್ಕದವರ ಊರು, ಮಳೆ, ಮಗಳ ಮದುವೆ ಎಲ್ಲ ವಿಚಾರಿಸಿಕೊಂಡೇ ಅನ್ನ ಕಲಸುವುದು. ಹಾಗೆಯೇ ಮುಂದಿದ್ದ ಹೆಂಗಸಿಗೆ ಅಕ್ಕ ನಕ್ಕು, ತೋಳು ಮುಟ್ಟಿದಳು. ಆ ಹೆಂಗಸು ಬೆಂಕಿ ತಗುಲಿದ ಹಾಗೆ ಸರಿದು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಆಸ್ಪತ್ರೆಯ ಸಮವಸ್ತ್ರದ ಮೇಲೆ ಕೋಟು ತೊಟ್ಟಿದ್ದಳು. ಕೆಲಸವಿದ್ದೂ ಹೊಟ್ಟೆಗೆ ಸಾಲದವಳು. ಸಾಲಿನಲ್ಲಿ ಯಾರೂ ಯಾರನ್ನೂ ನೋಡುತ್ತಿರಲಿಲ್ಲ.

ಅಕ್ಕ ಮೆಲ್ಲಗೆ ಸಾಲು ಬಿಟ್ಟು ಬಂದಳು.

"ಊಟಕ್ಕೆ ಬಂದೋರು ಯಾಕ್ಲಾ ಕಳ್ಳರಂಗೆ ನಿಂತವ್ರೆ?" ಅಂತ ದಾರಿಯಲ್ಲಿ ಕೇಳಿದಳು.

ಎಡಬಲದ ಮನೆಗಳು

ವಿದ್ಯಾಳ ಮನೆ ಕೆಂಪು ಇಟ್ಟಿಗೆಯ ಸಾಲುಮನೆಗಳಲ್ಲಿ ಒಂದು. ಹಿಂದೆ ಗಣಿಯವರಿಗೆಂದು ಕಟ್ಟಿದ್ದು. ಎಡಗಡೆ ಮನೆಯಲ್ಲಿ ಫ್ರಾಂಕ್ ಎಂಬ ಮುದುಕ, ಅವನ ಹೆಂಡತಿ ಮೊರೀನ್. ಬಲಗಡೆ ಆಲನ್, ಅವನೂ ಮುದುಕ, ಒಬ್ಬನೇ. ಮೂರು ಮನೆಗಳ ಮುಂದೆಯೂ ನಡುವೆಯೂ ಮೊಳಕಾಲೆತ್ತರದ ಇಟ್ಟಿಗೆ ಗೋಡೆಗಳು. ಆಲನ್ ಹೊರಗೆ ಬಂದರೆ ಫ್ರಾಂಕ್ ಒಳಗೆ ಹೋಗುತ್ತಿದ್ದ. ಕಸದ ತೊಟ್ಟಿ ಇಡುವಾಗಲೂ ಹಾಗೆಯೇ.

"ಇಬ್ರು ಮೂಗೂ ಒಂದೇ ಥರ ಅದೆ ಕಣೋ ಸೋಮು," ಅಂದಳು ಅಕ್ಕ. ಅದನ್ನು ಮೊದಲು ಗಮನಿಸಿದ್ದು ನಾನು ಎಂದು ನನ್ನ ನೆನಪು. ಅಕ್ಕ ಅಲ್ಲ ಅನ್ನುತ್ತಾಳೆ.

ಮಗು ಹುಟ್ಟಿದ ಸಂತೋಷಕ್ಕೆ ಅಕ್ಕ ರವೆ ಉಂಡೆ ಮಾಡಿ ಎರಡೂ ಮನೆಗೆ ಹಂಚಿದಳು, ಊರಿನಿಂದ ತಂದಿದ್ದ ಸ್ಟೀಲ್ ತಟ್ಟೆಗಳಲ್ಲಿ. ಎರಡು ದಿನ ಬಿಟ್ಟು ಮೊರೀನ್ ತಟ್ಟೆ ವಾಪಸು ತಂದಳು. ತಟ್ಟೆಯ ತುಂಬ ಒಣಹಣ್ಣಿನ ಕೇಕು.

ಅಕ್ಕನಿಗೆ ಹಿಡಿಸಲಾರದಷ್ಟು ಖುಷಿ. "ನೋಡ್ದಾ, ಖಾಲಿ ತಟ್ಟೆ ಕೊಡಲಿಲ್ಲ. ನಮ್ ಕಡೆಯೋರಂಗೇಯ." ಬಂದದ್ದನ್ನು ಹಂಚದೆ ತಿಂದರೆ ಅವಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಕೇಕನ್ನು ಅರ್ಧ ಮಾಡಿ, ಅದೇ ತಟ್ಟೆಯಲ್ಲಿಟ್ಟುಕೊಂಡು ಆಲನ್ ಮನೆಗೆ ನಡೆದಳು. ನಾನು ಹಿಂದೆ.

ಬಾಗಿಲು ತೆರೆದ ಆಲನ್‌ಗೆ ಅಕ್ಕ ತಟ್ಟೆ ಚಾಚಿ, ತನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದಳು: "ಮೊರೀನ್. ಕೇಕ್. ಯು."

ಅವನು ತಟ್ಟೆ ನೋಡಿದ. ಎಡಗಡೆ ಮನೆಯ ಕಡೆ ನೋಡಿದ. "ಮೊರೀನ್ ಕಳಿಸಿದಳೇ? ನನಗೆ?" ಎಂದು ಕೇಳಿದ. ಅಕ್ಕ ಜೋರಾಗಿ ತಲೆಯಾಡಿಸಿದಳು. ಅದರಲ್ಲಿ ತಿದ್ದುವಂಥದ್ದೇನಿದೆ ಎಂದು ನಾನೂ ಸುಮ್ಮನಿದ್ದೆ. ಅವನು ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಸ್ವಲ್ಪ ಹೊತ್ತಿಗೆ ನಮ್ಮ ಕಿಟಕಿಯ ಮುಂದೆ ಅವನು ಹಾದುಹೋದ. ಕೋಟು ತೊಟ್ಟು, ತಲೆ ಬಾಚಿಕೊಂಡಿದ್ದ. ಕೈಯಲ್ಲಿ ನಮ್ಮ ತಟ್ಟೆ. ಅದರಲ್ಲಿ ಈರುಳ್ಳಿ ಜಾತಿಯ ಉದ್ದನೆಯ ಲೀಕ್ ದಂಟುಗಳು, ಬೇರು ಕತ್ತರಿಸಿ, ಮಣ್ಣು ತೊಳೆದು ಬೆಳ್ಳಗೆ ಮಾಡಿದ್ದವು. ಆ ಊರಿನ ಗಣಿಯವರು ಹಿತ್ತಿಲಲ್ಲಿ ಅವನ್ನು ಮಕ್ಕಳ ಹಾಗೆ ಬೆಳೆಸುತ್ತಾರಂತೆ. ಫ್ರಾಂಕ್‌ನ ಬಾಗಿಲು ತಟ್ಟಿದ. ಫ್ರಾಂಕ್ ತೆರೆದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತರು. ಆಮೇಲೆ ಬಾಗಿಲು ಮುಚ್ಚಿತು. ಜೋರಾಗಿ ಬಡಿದಿದ್ದರೆ ಎಷ್ಟೋ ವಾಸಿಯಿತ್ತು. ಮೆಲ್ಲಗೆ ಮುಚ್ಚಿತು.

ಆಲನ್ ತಟ್ಟೆಯನ್ನು ನಮಗೂ ಫ್ರಾಂಕ್‌ಗೂ ನಡುವಿನ ಗೋಡೆಯ ಮೇಲಿಟ್ಟು ಹೊರಟುಹೋದ.

ಮೊರೀನ್ ಹೇಳಿದ್ದು

ಅಂದು ಸಂಜೆ ಮೊರೀನ್ ಹಿತ್ತಿಲ ಬಾಗಿಲಿಂದ ಬಂದಳು. ಕೂರಲಿಲ್ಲ. ನಿಂತೇ ಹೇಳಿದಳು. ನಾನು ಅಕ್ಕನಿಗೆ ಕನ್ನಡ ಮಾಡಿ ಹೇಳುತ್ತಾ ಹೋದೆ.

ಫ್ರಾಂಕ್, ಆಲನ್ ಒಡಹುಟ್ಟಿದವರು. ನಲವತ್ತು ವರ್ಷದ ಹಿಂದೆ ಆಗಿನ ಸರ್ಕಾರ ನಷ್ಟದ ಗಣಿಗಳನ್ನು ಮುಚ್ಚುತ್ತೇವೆ ಅಂದಾಗ ಗಣಿಯವರು ಒಂದು ವರ್ಷ ಕೆಲಸ ಬಿಟ್ಟು ಕೂತರು. ಇಬ್ಬರೂ ಜೊತೆಗೇ ಕೂತಿದ್ದರು. ಆಲನ್‌ನ ಹೆಂಡತಿ ತುಂಬಿದ ಬಸುರಿ. ಮುಷ್ಕರ ಮುಗಿಯಲು ಕೆಲವೇ ವಾರ ಇರುವಾಗ ಆಲನ್ ಒಳಗೆ ಹೋದ. ಕಿಟಕಿಗೆ ಜಾಲರಿ ಹಾಕಿದ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಅಣ್ಣ ಫ್ರಾಂಕ್ ಗೇಟಿನಲ್ಲಿ ನಿಂತು ನೋಡಿದ. ಅಂದಿನಿಂದ ಮಾತಿಲ್ಲ. ಗಣಿ ಹೇಗೂ ಮುಚ್ಚಿತು. ಒಳಗೆ ಹೋದವನಿಗೂ ಕೆಲಸ ಉಳಿಯಲಿಲ್ಲ, ಹೊರಗೆ ಕೂತವನಿಗೂ ಉಳಿಯಲಿಲ್ಲ. ಆಲನ್‌ನ ಹೆಂಡತಿ ಊರಿನವರ ಬಾಯಿ ತಡೆಯಲಾರದೆ ಮಗುವನ್ನು ಕರೆದುಕೊಂಡು ಹೊರಟುಹೋದಳು.

"ಈ ಮನೆಯಲ್ಲಿದ್ದದ್ದು ಇವರ ತಾಯಿ," ಅಂದಳು ಮೊರೀನ್. "ಫ್ರಾಂಕ್ ಮುಂಬಾಗಿಲಿನಿಂದ ಬರುತ್ತಿದ್ದ. ಆಲನ್ ಹಿತ್ತಿಲಿನಿಂದ. ಒಬ್ಬನ ದನಿ ಕೇಳಿದರೆ ಇನ್ನೊಬ್ಬ ಹಿಂತಿರುಗುತ್ತಿದ್ದ. ಅವಳು ಸತ್ತ ದಿನವೂ ಹಾಗೆಯೇ."

ಹಾಗೆ ಒಳಗೆ ಹೋದವರಿಗೆ ಆ ಊರಿನಲ್ಲಿ ಒಂದು ಹೆಸರಿದೆ. ಗಾಯದ ಮೇಲೆ ಕಟ್ಟುವ ಹಕ್ಕಳೆ ಎಂದು ಅದರ ಅರ್ಥ.

"ಒಡಹುಟ್ಟಿದವನ್ನ ಅಕ್ಕಳೆ ಅಂತಾರಾ?" ಅಂದಳು ಅಕ್ಕ. ಆಮೇಲೆ, "ಎಷ್ಟು ಅಂದ್ಲು ಅವಳು? ನಲವತ್ತು ತಿಂಗಳೋ? ಸರಿಯಾಗಿ ಕೇಳೋ."

"ವರ್ಷ ಅಕ್ಕ."

ಮೊರೀನ್ ಹೋದ ಮೇಲೆ ಅಕ್ಕ ಫೋನ್ ತೆಗೆದುಕೊಂಡಳು. ಊರಿನಲ್ಲಿ ಆಗ ಊಟ ಮುಗಿಸುವ ಹೊತ್ತು. ಭಾವ ದಿನವೂ ಮಂಗಳ ಏನು ಮಾಡಿದ್ದಳು ಎಂಬುದನ್ನೇ ಮೊದಲು ಹೇಳುತ್ತಿದ್ದರು: ಅವರೆಕಾಳು ಸಾರು, ಉಪ್ಪೆಸರು, ಗೊಜ್ಜಿನನ್ನ. ಆ ವಾರ ಅದನ್ನು ಹೇಳಿರಲಿಲ್ಲ. ನಮಗೆ ಗಮನಕ್ಕೇ ಬಂದಿರಲಿಲ್ಲ.

"ಏನ್ರೀ ಊಟ ಇವತ್ತು?"

ಫೋನಿನ ಸ್ಪೀಕರ್ ಹಾಕಿತ್ತು. ಭಾವನ ದನಿ ನನಗೂ ಕೇಳಿಸಿತು. "ಓಟ್ಲಲ್ಲಿ ತಿಂದೆ."

"ಯಾಕೆ, ಮಂಗಳ?"

"ಒಳಕ್ಕೋದೆ ಕಣೆ. ನೀನೇ ತಾನೆ ಏಳಿದ್ದು."

"ಯಾವತ್ತು?"

"ಸೋಮವಾರ. ಬಸ್ಸಲ್ಲಿ ಕರ್ಕಂಡೋದ್ರು. ಕಲ್ಲು ಬೀಳದಂಗೆ ಕಿಟಕೀಗೆ ಜಾಲರಿ ಬಿಗಿದಿದ್ರು. ನಾಗೇಶ ಗೇಟ್ತಾವೇ ನಿಂತಿದ್ದ. ನಾ ತಲೆ ಬಗ್ಗಿಸ್ಕಂಡೆ. ನೋಡಿದ್ನೋ ಇಲ್ವೋ ಗೊತ್ತಿಲ್ಲ." ಮತ್ತೆ, "ಮೇಷ್ಟ್ರು ಅವ್ರಾ ಅಲ್ಲಿ? ಸ್ವಲ್ಪ ಕಾಲ ಅಂದ್ರಲ್ಲ, ಎಷ್ಟು ಕಾಲ ಅಂತ ಕೇಳು."

ಅಕ್ಕ ನನ್ನ ಮುಖ ನೋಡಿದಳು. ನಾನು ಅಲ್ಲೇ ಇದ್ದೆ. ಇಲ್ಲ ಎಂದು ಕೈಯಾಡಿಸಿದೆ.

ಹೊರಡುವ ಬೆಳಿಗ್ಗೆ

ಅಲ್ಲಿದ್ದಷ್ಟು ದಿನವೂ ಆ ತಟ್ಟೆ ಗೋಡೆಯ ಮೇಲೇ ಇತ್ತು. ನಮ್ಮದೇ ತಟ್ಟೆ. ಅಕ್ಕನ ಹೆಸರು ಕೊರೆಸಿದ ತಟ್ಟೆ. ಕೈಚಾಚಿದರೆ ಸಿಗುತ್ತಿತ್ತು. ಇಬ್ಬರಿಗೂ ಮುಟ್ಟುವ ಧೈರ್ಯ ಬರಲಿಲ್ಲ. ದಂಟುಗಳ ಮೇಲೆ ಬೆಳಿಗ್ಗೆ ಹಿಮ ಕೂರುತ್ತಿತ್ತು, ಮಧ್ಯಾಹ್ನ ಕರಗುತ್ತಿತ್ತು. ನಿಧಾನವಾಗಿ ಹಳದಿಯಾದವು.

ಒಂದು ದಿನ ಮಗುವಿಗೆ ಎಣ್ಣೆ ಹಚ್ಚುತ್ತಾ ಅಕ್ಕ ಕೇಳಿದಳು. "ಸೋಸಲೆ ಚಿಕ್ಕಪ್ಪನ ಮನೆಗೆ ಅಪ್ಪ ಯಾಕೆ ಓಯ್ತಿರಲಿಲ್ಲ ಗೊತ್ತಾ?"

"ಬದುವಿನ ಜಗಳ. ಕಲ್ಲು ಕಿತ್ತು ಹಾಕಿದ್ದರು."

"ಸೋಸಲೇಲಿ ನಮಗೆ ಜಮೀನೇ ಇರಲಿಲ್ಲ ಕಣೋ. ಮಿಲ್ಲಿನ ಸ್ಟ್ರೈಕು. ಅಪ್ಪ ಒಳಕ್ಕೋದ್ರು, ಚಿಕ್ಕಪ್ಪ ಓಗಲಿಲ್ಲ. ನೀ ಚಿಕ್ಕೋನು, ನಿಂಗೆ ಬದು ಅಂತ ಏಳಿದ್ರು."

ನನಗೆ ಆ ಬದು ಕಣ್ಣಿಗೆ ಕಟ್ಟಿದ ಹಾಗಿದೆ. ಕಿತ್ತ ಕಲ್ಲಿನ ಗುಂಡಿ, ಅದರಲ್ಲಿ ನಿಂತ ನೀರು, ಅಪ್ಪನ ಕಾಲು. ಇಲ್ಲದ ಜಮೀನನ್ನು ಇಷ್ಟು ವರ್ಷ ಇಷ್ಟು ಸ್ಪಷ್ಟವಾಗಿ ನೋಡಿಕೊಂಡು ಬಂದಿದ್ದೇನೆಯೇ? ಅಥವಾ ಅಕ್ಕ ಆ ಊರಿನ ಕಥೆಯನ್ನು ನಮ್ಮ ಮನೆಯ ಮೇಲೆ ಹೊದಿಸಿದಳೇ? ಕೇಳಲು ಅಪ್ಪನೂ ಇಲ್ಲ, ಚಿಕ್ಕಪ್ಪನೂ ಇಲ್ಲ. ಯಾವುದು ನಿಜವಾದರೂ ನನಗೆ ಭಯವೇ.

ಹೊರಡುವ ದಿನ ಕಾರು ತಿರುಗುವಾಗ ನಾನು ಗೋಡೆಯ ಕಡೆ ನೋಡಿದೆ. ತಟ್ಟೆ ಇರಲಿಲ್ಲ. ಯಾರೋ ಒಳಗೆ ತೆಗೆದುಕೊಂಡಿದ್ದರು. ಇದು ನನ್ನ ನೆನಪು. ತಟ್ಟೆ ಅಲ್ಲೇ ಇತ್ತು, ನೀನು ನೋಡಿದ್ದು ಬೇರೆ ಗೋಡೆ ಅಂತ ಅಕ್ಕ ಅನ್ನುತ್ತಾಳೆ. ಫೋಟೋ ತೆಗೆದುಕೊಳ್ಳಬೇಕಿತ್ತು. ವಿದ್ಯಾಳನ್ನು ಕೇಳಿದರೆ ತಿಳಿದುಬಿಡುತ್ತದೆ. ಇನ್ನೂ ಕೇಳಿಲ್ಲ.

ಮತ್ತೆ ನಂಜನಗೂಡು

ಗೇಟಿನ ಮುಂದಿನ ಶಾಮಿಯಾನ ಅರ್ಧಕ್ಕಿಳಿದಿತ್ತು. ನಾವು ಹಾದುಹೋಗುವಾಗ ನಾಗೇಶ ಕಂಬಕ್ಕೊರಗಿ ಕೂತಿದ್ದ. ಕಾರಿನೊಳಗೆ ಯಾರಿದ್ದಾರೆಂದು ಅವನಿಗೆ ಗೊತ್ತಾಯಿತು. ಪೇಪರು ಎತ್ತಿ ಮುಖಕ್ಕೆ ಹಿಡಿದ.

ಮನೆಯ ಜಗಲಿಯ ಮೇಲೆ ಅಕ್ಕನ ಸ್ಟೀಲ್ ಡಬ್ಬ ಇತ್ತು.

"ಒಳಕ್ಕೋದ ಸೋಮವಾರಾನೇ ನಾ ಡ್ಯೂಟಿಯಿಂದ ಬರೋವಷ್ಟೊತ್ಗೆ ಇಲ್ಲಿತ್ತು," ಅಂದರು ಭಾವ. "ನಾ ಮುಟ್ಟಿಲ್ಲ."

ಅಕ್ಕ ಚಪ್ಪಲಿಯನ್ನೂ ಬಿಡದೆ ಹೋಗಿ ಮುಚ್ಚಳ ತೆಗೆದಳು. ಡಬ್ಬ ಬೆಳಗಿತ್ತು, ಒಳಗೆ ನೀರಿನ ಹನಿಯೂ ಇಲ್ಲ. ಮಂಗಳ ಇಷ್ಟು ವರ್ಷದಲ್ಲಿ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನೋ, ಹಿತ್ತಿಲಿನ ನಾಲ್ಕು ಎಸಳು ಕರಿಬೇವನ್ನೋ ಹಾಕಿ ಕೊಟ್ಟವಳು. ಅಕ್ಕ ಡಬ್ಬವನ್ನು ಬೆಳಕಿಗೆ ಓರೆ ಮಾಡಿ ನೋಡಿದಳು. ಒಳಗೆ ಕೈಯಾಡಿಸಿ ನೋಡಿದಳು. ಭಾವ ಕಂಬದ ಕಡೆ ತಿರುಗಿ ನಿಂತರು.

ಆಮೇಲೆ ಅವಳು ಪೆಟ್ಟಿಗೆ ಬಿಚ್ಚಿ, ಮೊಮ್ಮಗಳ ಹೆಸರಿನಲ್ಲಿ ಹಂಚಲು ತಂದಿದ್ದ ಬೆಣ್ಣೆ ಬಿಸ್ಕತ್ತನ್ನು ಡಬ್ಬದ ತುಂಬ ತುಂಬಿದಳು. ಕಾಂಪೌಂಡ್ ಗೋಡೆಯ ಹತ್ತಿರ ಹೋಗಿ ಕರೆದಳು.

"ಮಂಗಳಾ. ಬಂದೆ ಕಣವ್ವಾ. ಡಬ್ಬದ ಆಸೆಗೇ ಬಂದೆ."

ಒಳಗೆ ಒಗ್ಗರಣೆ ಚಟಪಟ ಅನ್ನುತ್ತಿತ್ತು. ನಿಂತಿತು. ಅಕ್ಕ ಇನ್ನೊಂದು ಸಲ ಕರೆದು, ಡಬ್ಬವನ್ನು ಗೋಡೆಯ ಮೇಲಿಟ್ಟು ಬಂದಳು.

ನಾನು ನರಸೀಪುರಕ್ಕೆ ಬಂದೆ. ದಿನಾ ಫೋನ್ ಮಾಡಿದಾಗ ಬೇರೇನೂ ಕೇಳುತ್ತಿರಲಿಲ್ಲ.

"ಡಬ್ಬ?"

"ಅಲ್ಲೇ ಅದೆ."

ನಿನ್ನೆ ತಡೆಯಲಾರದೆ ಬಸ್ಸು ಹತ್ತಿ ಹೋದೆ. ಬೇರೆಯವರ ಮಾತನ್ನಾಗಲೀ ನನ್ನ ನೆನಪನ್ನಾಗಲೀ ನೆಚ್ಚಿಕೊಳ್ಳುವ ಸ್ಥಿತಿಯಲ್ಲಿ ನಾನಿಲ್ಲ. ಡಬ್ಬ ಅಲ್ಲೇ ಇತ್ತು. ಅದರ ಮುಚ್ಚಳದ ಮೇಲೆ ಮಾತ್ರ ಮುಷ್ಟಿ ಗಾತ್ರದ ಒಂದು ಕಲ್ಲು. ಆ ಬೀದಿಯಲ್ಲಿ ಕೋತಿಗಳ ಕಾಟ, ಮುಚ್ಚಳ ಕಿತ್ತುಬಿಡುತ್ತವೆ. ಈ ಸಲ ಮರೆಯದೆ ಫೋಟೋ ತೆಗೆದುಕೊಂಡು ಒಳಗೆ ಹೋದೆ.

"ಕಲ್ಲು ಇಟ್ಟಿದ್ದು ಒಳ್ಳೇದಾಯಿತು ಅಕ್ಕ."

"ಯಾವ ಕಲ್ಲು?"

ಫೋನಿನಲ್ಲಿ ಫೋಟೋ ತೋರಿಸಿದೆ. ಅಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಭಾವನ ಕಡೆ ಹಿಡಿದಳು. ಭಾವ ಇಲ್ಲವೆಂದು ತಲೆಯಾಡಿಸಿದರು.

"ನಾ ಇಟ್ಟಿಲ್ಲ ಕಣೋ," ಅಂದಳು ಅಕ್ಕ, ಗೋಡೆಯಾಚೆ ಕೇಳಿಸೀತೆಂದು ಹೆದರಿದವಳ ಹಾಗೆ, ಪಿಸುದನಿಯಲ್ಲಿ.